ಸಾತವ್ವನ ಮಗ ತೊಗಲಿನ ಚೀಲ ಕಾಪಾಡಿದ್ದು

ಹೇಳೋದು ನನ್ನ ಕೆಲಸ, ನಗೋದು ಬಿಡೋದು ನಿಮ್ಮ ಕೆಲಸ. ನಾನಂತೂ ನಗೋದಿಲ್ಲ. ಸಾತವ್ವನೇ ನಗಲಿಲ್ಲ, ನಾನ್ಯಾಕೆ ನಗಲಿ?

ಸಾತವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಹಳೇ ಪೇಟೆಯ ಓಣಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ತೊಗಲಿನ ಚೀಲ ದುರಸ್ತಿ ಮಾಡೋದು ಅವಳ ಕಸುಬು. ಹೊಲಿಗೆ ಬಿಟ್ಟ ಚೀಲ, ಬಣ್ಣ ಹೋದ ಚೀಲ, ಬೂಸು ಹಿಡಿದ ಚೀಲ, ಇಲಿ ಕಡಿದ ಚೀಲ, ಯಾವುದೇ ಬರಲಿ, ಸಾತವ್ವನ ಕೈಗೆ ಬಂತು ಅಂದರೆ ಬದುಕಿತು ಅಂತಲೇ ಲೆಕ್ಕ.

ಅವಳಿಗೆ ಒಬ್ಬನೇ ಮಗ, ಲಗಮಣ್ಣ. ಮೂವತ್ತು ವಯಸ್ಸು, ಬಾಗಿಲಷ್ಟು ಎತ್ತರ, ಒಳ್ಳೆ ಗಟ್ಟಿ ಕೈ. ಅವ್ವನ ಮಾತು ಒಂದಿನವೂ ಮೀರಿದವನಲ್ಲ. ಅದೇ ತೊಂದರೆ! ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆ ಇಲ್ಲ.

ಇತ್ತೀಚೆಗೆ ಸಾತವ್ವನ ಬೆರಳ ಗೆಣ್ಣು ಬಾತು, ಸೂಜಿ ಹಿಡಿಯುವುದು ಕಷ್ಟವಾಗಿತ್ತು. ದಿನಾ ಮುಂಜಾನೆ ದೇವರ ಮುಂದೆ ನಿಂತು ಅವಳು ಕೇಳುತ್ತಿದ್ದದ್ದು ಒಂದೇ.

"ಯವ್ವಾ ತಾಯಿ, ನನ್ನ ಕೈ ಹೋದ್ರ ಹೋಗಲಿ. ಈ ಮಗನ ತಲಿಯಾಗ ಒಂದ ಸ್ವಲ್ಪ ಕೆಲಸ ಇಳಿಸು!"

ತಾಯಿ ಕೇಳಿಸಿಕೊಳ್ಳುತ್ತಿದ್ದಳು. ಮಾಡುತ್ತಿರಲಿಲ್ಲ.

ಒಂದು ದಿನ ಜೋಡಟ್ಟಿ ವಕೀಲರ ಚೀಲ ಬಂತು. ಅವರ ತಂದೆ ಕಾಲದ್ದು. ಕಂದು ಬಣ್ಣದ ದಪ್ಪ ತೊಗಲು, ಹಿತ್ತಾಳೆಯ ಕೊಂಡಿ. ಮೈಮೇಲೆ ಮೂರು ಬೇಸಿಗೆಯ ಧೂಳು.

ಸಾತವ್ವ ನೂಲು ತರಲಿಕ್ಕೆ ಪೇಟೆಗೆ ಹೊರಟಳು.

"ಲಗಮ್ಯಾ, ವಕೀಲರ ಚೀಲದ ಮ್ಯಾಲ ಭಾಳ ಕೊಳಿ ಐತಿ. ಕೊಳಿ ತೆಗೆದಿಡು."

"ಆತಬೇ."

ಕೊಳೆ ತೆಗೆಯೋದು ಹೇಗೆ? ಲಗಮಣ್ಣನಿಗೆ ಗೊತ್ತಿತ್ತು. ಅಂಗಿಯ ಕೊಳೆ ಹೇಗೆ ತೆಗೀತಾರೋ ಹಾಗೆ. ಬಕೀಟು ತುಂಬ ನೀರು ಹಿಡಿದ. ಸೋಡಾ ಪುಡಿ ಹಾಕಿದ. ಚೀಲ ನೆನೆಸಿದ. ಸಬಕಾರ ತಿಕ್ಕಿದ. ಬಂಡೆಗೆ ಎತ್ತಿ ಎತ್ತಿ ಒಗೆದ. ಹಿಂಡಿದ. ಹಿಂಡೋಕೆ ಬರಲಿಲ್ಲ, ಆದರೂ ಹಿಂಡಿದ. ಆಮೇಲೆ ಸುಡು ಬಿಸಿಲಲ್ಲಿ ಹಗ್ಗದ ಮೇಲೆ ಹಾಕಿ, ಎರಡೂ ಹಿಡಿಕೆಗೆ ಬಟ್ಟೆಯ ಕ್ಲಿಪ್ಪು ಸಿಗಿಸಿದ.

ಸಾತವ್ವ ಬಂದು ನೋಡಿದಳು. ಕೊಳೆ ಇರಲಿಲ್ಲ. ಚೀಲ ಸುಟ್ಟ ಬದನೆಕಾಯಿಯ ಹಾಗೆ ಮುದುರಿ ಹಗ್ಗದ ಮೇಲೆ ಕೂತಿತ್ತು.

"ಅಯ್ಯಯ್ಯ! ಏನ ಮಾಡಿದ್ಯೋ ಮೂಳಾ!"

"ಕೊಳಿ ತೆಗದನಿಬೇ."

"ತೊಗಲು ಅಂದ್ರ ಧೋತರ ಏನಲೇ! ಅದಕ್ಕ ಹಿಂಗ ನೀರು ಕುಡಸಬಾರದು! ಕೇಳಿಲ್ಲಿ. ಒದ್ದಿ ಆತು ಅಂದ್ರ ಒಣ ಅರಿವಿಲೆ ಒರಸಬೇಕು. ಬಿಸಲಾಗ ಇಡಬಾರದು, ನೆರಳಾಗ ಮಲಗಸಬೇಕು. ಹೊಟ್ಟಿಯೊಳಗ ಕಾಗದ ತುರುಕಬೇಕು, ಅಂದ್ರ ಆಕಾರ ಕೆಡೂದಿಲ್ಲ. ತಿಳೀತೇನು?"

"ತಿಳೀತಬೇ. ಒರಸೂದು, ಮಲಗಸೂದು, ತುರಕೂದು."

ಸಾತವ್ವ ಆ ಚೀಲದ ಮುಂದೆ ನಾಲ್ಕು ದಿನ ಕೂತಳು. ಹರಳೆಣ್ಣೆ ಬೆಚ್ಚಗೆ ಮಾಡಿ, ಅಂಗೈಯಿಂದ ತೀಡಿ ತೀಡಿ, ಮುದುರಿದ್ದನ್ನು ಎಳೆ ಎಳೆಯಾಗಿ ಬಿಡಿಸಿದಳು. ಐದನೇ ದಿನ ಮಳೆ ಹಿಡಿಯಿತು.

ಆ ಮಳೆಯಲ್ಲೇ ವಕೀಲರ ಗುಮಾಸ್ತ ಸಿದರಾಯಪ್ಪ ಚೀಲ ಕೇಳಲಿಕ್ಕೆ ಬಂದ. ಕಡ್ಡಿಯಂಥ ಮನುಷ್ಯ. ತಲೆಯಿಂದ ಕಾಲಿನವರೆಗೆ ತೊಯ್ದಿದ್ದ. ಕಂಕುಳಲ್ಲಿ ಮಾತ್ರ ಒಂದು ಕಾಗದದ ಕಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಣಗಿಟ್ಟುಕೊಂಡಿದ್ದ. ಸಾತವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಂಗಡಿಯಲ್ಲಿ ಲಗಮಣ್ಣ ಒಬ್ಬನೇ.

"ಒದ್ದಿ ಆಗೀರಲ್ರಿ," ಅಂದ ಲಗಮಣ್ಣ.

"ಆಗೇನಪಾ. ಮಳಿ ನೋಡು ಹೆಂಗ ಹೊಡ್ಯಾಕತ್ತೈತಿ."

ಲಗಮಣ್ಣ ಒಣ ಅರಿವೆ ತಂದ. ಗುಮಾಸ್ತನ ತಲೆ ಒರೆಸಿದ, ಮುಖ ಒರೆಸಿದ, ಕಿವಿ ಒರೆಸಿದ. ಸಿದರಾಯಪ್ಪನಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ಉಪಚಾರ ಅವನಿಗೆ ಅವನ ಮನೆಯಲ್ಲೂ ಇರಲಿಲ್ಲ.

"ಮಲಗ್ರಿ," ಅಂದ ಲಗಮಣ್ಣ.

"ಬ್ಯಾಡಪಾ, ನಿಂದರತೀನಿ."

"ಮಲಗಬೇಕ್ರಿ!"

ಎತ್ತಿ ಚಾಪೆಯ ಮೇಲೆ ಮಲಗಿಸಿದ. ಮೇಲೆ ಒಂದು ಕಾಲು ಊರಿ, ಕಂಕುಳ ಕಟ್ಟು ಬಿಚ್ಚಿ, ಒಂದೊಂದೇ ಹಾಳೆ ಉಂಡೆ ಮಾಡಿ ಅಂಗಿಯೊಳಗೆ ತುರುಕತೊಡಗಿದ.

"ಏ! ಏ! ಬಿಡೋ! ಅವು ಕೋರ್ಟಿನ ಕಾಗದ!"

"ಇರಲಿ ಬಿಡ್ರಿ. ಯಾವ ಕಾಗದ ಅಂತ ಅವ್ವ ಹೇಳಿಲ್ಲ."

"ಯಾಕ ತುರಕಾಕತ್ತೀಯೋ?"

"ಆಕಾರ ಕೆಡಬಾರದ್ರಿ."

ಗುಮಾಸ್ತನ ಕೂಗಿಗೆ ಸಾತವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಹೊತ್ತಾಗಿ ಹೋಗಿತ್ತು. ಸಿದರಾಯಪ್ಪ ಜನ್ಮದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡವನ ಹಾಗೆ ಕಾಣುತ್ತಿದ್ದ. ಹಾಳೆ ಹೊರಗೆ ತೆಗೆದು ನೋಡಿದರೆ, ಒದ್ದೆ ಅಂಗಿಗೆ ಶಾಯಿ ಕದಡಿ ಹರಡಿತ್ತು. ಅಣ್ಣ ತಮ್ಮಂದಿರ ಹೊಲದ ತಕರಾರು ಅದು. ಅಣ್ಣನ ಹೊಲ ಯಾವುದು, ತಮ್ಮನ ಹೊಲ ಯಾವುದು, ಇನ್ನು ಯಾವ ನ್ಯಾಯಾಧೀಶನಿಗೂ ತಿಳಿಯುವ ಹಾಗಿರಲಿಲ್ಲ.

ಗುಮಾಸ್ತ ಹೋದ ಮೇಲೆ ಸಾತವ್ವ ಹಣೆ ಹಣೆ ಬಡಿದುಕೊಂಡಳು.

"ಮನಷ್ಯಾ ಅಂದ್ರ ಚೀಲ ಏನಲೇ!"

"ಒದ್ದಿ ಆಗಿದ್ರಬೇ."

"ಬಾಯಿ ಮುಚ್ಚು! ಇನ್ನ ಮುಂದ ಏನ ಹಚ್ಚೂದಿದ್ರೂ ಸೀದಾ ಎಲ್ಲಾ ಕಡೆ ಹಚ್ಚಬ್ಯಾಡ. ಮೊದಲ ಒಂದು ಕಾಣದ ಮೂಲ್ಯಾಗ ಚೂರು ಹಚ್ಚಿ ನೋಡು. ಕೆಡಲಿಲ್ಲ ಅಂದ್ರ ಆಮ್ಯಾಲ ಉಳದದ್ದು. ತಿಳೀತೇನು?"

"ತಿಳೀತಬೇ. ಕಾಣದ ಮೂಲಿ."

ವಕೀಲರ ಚೀಲ ತಯಾರಾಯಿತು. ಕೊನೆಯ ಕೈ ಪಾಲಿಶ್ ಒಂದು ಉಳಿದಿತ್ತು. ವಕೀಲರಿಗೋ ತುರ್ತು, ಮಧ್ಯಾಹ್ನ ಕೋರ್ಟು. ಸಾತವ್ವ ಚೀಲ, ಪಾಲಿಶ್ ಡಬ್ಬಿ, ಹಳೇ ಬನಿಯನ್ನಿನ ತುಂಡು ಮೂರನ್ನೂ ಮಗನ ಕೈಗೆ ಕೊಟ್ಟಳು.

"ಅವರ ಮನಿಗೆ ಹೋಗಿ, ಅಲ್ಲೇ ಕುಂತು ಹಚ್ಚಿ ಕೊಟ್ಟು ಬಾ. ಮೊದಲ ಎಲ್ಲಿ ಹಚ್ಚಬೇಕು?"

"ಕಾಣದ ಮೂಲ್ಯಾಗಬೇ."

"ಶಾಣ್ಯಾ."

ಅವ್ವ ಶಾಣ್ಯಾ ಅಂದದ್ದಕ್ಕೆ ಲಗಮಣ್ಣ ದಾರಿಯುದ್ದಕ್ಕೂ ಕುಣಿಯುತ್ತ ಹೋದ. ವಕೀಲರ ಪಡಸಾಲೆ ದೊಡ್ಡದು. ನಾಲ್ಕು ಕಿಟಕಿ, ಎಲ್ಲಾ ಕಡೆ ಬೆಳಕು. ನಾಲ್ಕು ಮೂಲೆಯೂ ಚೆನ್ನಾಗಿ ಕಾಣುತ್ತಿದ್ದವು. ಕಾಣದ ಮೂಲೆ ಎಲ್ಲಿ? ಹುಡುಕಿದ. ಹಿತ್ತಲ ಕಡೆಗೆ ಕಾಳು ಕಡಿ ಇಡುವ ಒಂದು ಕತ್ತಲೆ ಖೋಲಿ ಇತ್ತು. ಬಾಗಿಲು ತೆರೆದ. ಒಳಗೆ ಏನೂ ಕಾಣಲಿಲ್ಲ. ಲಗಮಣ್ಣನಿಗೆ ಸಮಾಧಾನವಾಯಿತು. ಚೀಲ ಹೊರಗಿಟ್ಟ. ಡಬ್ಬಿ ಹಿಡಿದು, ತಡವರಿಸುತ್ತ ಮೂಲೆಗೆ ಹೋಗಿ, ಕೈಗೆ ಸಿಕ್ಕದ್ದಕ್ಕೆ ಚೂರು ಹಚ್ಚಿ ತೀಡಿದ.

ಅಲ್ಲಿ ತಂಪಿಗೆ ಅಂತ ವಕೀಲರ ತಾಯಿ ಮಲಗಿದ್ದರು. ಎಂಬತ್ತು ವಯಸ್ಸು, ಮೊಣಕಾಲು ನೋವು.

"ಯಾರಪಾ ನೀನು? ಎಷ್ಟ ಚೊಲೋ ತಿಕ್ಕತೀ! ಇನ್ನ ಸ್ವಲ್ಪ ಮ್ಯಾಲ."

ಕೆಡಲಿಲ್ಲ ಅಂತ ಲಗಮಣ್ಣನಿಗೆ ಖಾತ್ರಿಯಾಯಿತು. ಕೆಡಲಿಲ್ಲ ಅಂದರೆ ಉಳಿದದ್ದು. ಅವನು ಉಳಿದದ್ದನ್ನೂ ಹಚ್ಚಿದ. ಅಂಗೈಯಿಂದ ತೀಡಿದ, ಬನಿಯನ್ನಿನಿಂದ ಉಜ್ಜಿದ, ಡಬ್ಬಿ ಖಾಲಿಯಾಗುವ ತನಕ ಹಚ್ಚಿದ. ಮುದುಕಿ "ಹಾಂ, ಹಾಂ" ಅನ್ನುತ್ತ ನಿದ್ದೆ ಹೋದರು.

ಮಧ್ಯಾಹ್ನ ವಕೀಲರು ಊಟಕ್ಕೆ ಕೂತಾಗ ತಾಯಿ ತಾವೇ ನಡೆದು ಬಂದರು. ಆರು ತಿಂಗಳಾಗಿತ್ತು ಅವರು ಹಾಗೆ ನಡೆದು. ಪಾದದಿಂದ ಮೊಣಕಾಲಿನವರೆಗೆ ಎರಡೂ ಕಾಲು ಕಡುಕಂದಾಗಿ ಥಳಥಳ ಹೊಳೆಯುತ್ತಿದ್ದವು. ವಕೀಲರು ಕಾಲು ನೋಡಿದರು. ಪಕ್ಕದಲ್ಲಿ ಇಟ್ಟ ಚೀಲ ನೋಡಿದರು. ಚೀಲಕ್ಕೆ ಏನೂ ಹಚ್ಚಿರಲಿಲ್ಲ.

ಸುದ್ದಿ ಸಂಜೆಯೊಳಗೆ ಓಣಿ ಮುಟ್ಟಿತು. ಮೂರು ಮಂದಿ ಬಂದು, ತಮ್ಮ ಚೀಲ ದುರಸ್ತಿ ಬೇಡ, ಹರಿದದ್ದೇ ಇರಲಿ ಅಂತ ವಾಪಸ್ ಒಯ್ದರು. ಸಾತವ್ವ ಖಾಲಿ ಗೂಟ ನೋಡುತ್ತ ಕೂತಳು. ಸಿಟ್ಟು ಮಾಡಲಿಕ್ಕೂ ಅವಳಲ್ಲಿ ದಮ್ಮಿರಲಿಲ್ಲ.

"ಲಗಮ್ಯಾ, ಕತ್ತಲಾಗ ಯಾವನರ ಕೆಲಸ ಮಾಡ್ತಾನೇನೋ? ಯಾವ್ದಾದ್ರೂ ಕೈಗೆ ತಗೊಳ್ಳೂಕಿಂತ ಮೊದಲ ಬೆಳಕಿಗೆ ತರಬೇಕು. ಸುತ್ತ ತಿರಗಿಸಿ ನೋಡಬೇಕು. ಎಲ್ಲಿ ಸವದೈತಿ, ಎಲ್ಲಿ ಕಲಿ ಐತಿ, ಎಲ್ಲಾ ಮಾಲಕರ ಮುಂದ ಬಿಚ್ಚಿ ಹೇಳಬೇಕು. ಮುಚ್ಚಿಡಬಾರದು. ತಿಳೀತೇನಪಾ?"

"ತಿಳೀತಬೇ. ಬೆಳಕು, ತಿರಗಸೂದು, ಹೇಳೂದು."

ಇನ್ನು ಯಾರೂ ಬರೋದಿಲ್ಲ ಅಂದುಕೊಂಡಿದ್ದಳು. ಬಂದದ್ದು ಸಿದರಾಯಪ್ಪ. ವಕೀಲರ ತಾಯಿ ಹೇಳಿ ಕಳಿಸಿದ್ದರು. "ಆ ಮಗನ ಕೈ ಭಾಳ ಚೊಲೋ ಐತಿ. ಮದಿವಿ ಆಗೈತೇನು ಕೇಳು. ಇಲ್ಲಾಂದ್ರ ಕರಿಹಳ್ಳದಾಗ ಕಂಡಕ್ಟರ್ ಭರಮಪ್ಪನ ಮಗಳಿದ್ದಾಳ, ಹೋಗಿ ನೋಡ್ರಿ." ಇಷ್ಟು ಹೇಳಿ ಗುಮಾಸ್ತ ಬಾಗಿಲಿನಿಂದಲೇ ಹೊರಟು ಹೋದ. ಒಳಗೆ ಕಾಲಿಡಲಿಲ್ಲ.

ಸಾತವ್ವನ ಜೀವಕ್ಕೆ ಜೀವ ಬಂತು. ತನ್ನ ಕೈ ಹೋದ ಮೇಲೆ ಮಗನ ಪಕ್ಕ ಒಬ್ಬಳು ಇದ್ದರೆ! ಭಾನುವಾರ ತಾಯಿ ಮಗ ಒಗೆದ ಬಟ್ಟೆ ಉಟ್ಟು ಬಸ್ಸು ಹತ್ತಿದರು. ಒಂದೂವರೆ ತಾಸಿನ ದಾರಿ.

ಭರಮಪ್ಪ ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೀಟು ಹರಿದವರು, ಈಗ ನಿವೃತ್ತಿ. ಮಾತು ಕಡಿಮೆ. ಗೋಡೆಯ ಮೊಳೆಗೆ ಅವರ ಕಂಡಕ್ಟರ್ ಚೀಲ ತೂಗುತ್ತಿತ್ತು. ಪಟ್ಟಿ ಎಳೆದು ಉದ್ದವಾಗಿ, ಮೈಯೆಲ್ಲ ಬೂಸು ಹಿಡಿದು ಬೆಳ್ಳಗಾಗಿತ್ತು. ಸಾತವ್ವನ ಕಣ್ಣು ಹೆಣ್ಣಿಗಿಂತ ಮೊದಲು ಅದರ ಮೇಲೇ ಹೋಯಿತು.

ಹುಡುಗಿ ಅವಲಕ್ಕಿ ತಂದಿಟ್ಟಳು. ಯಮನವ್ವ ಅಂತ ಹೆಸರು, ಇಪ್ಪತ್ತೇಳು ವಯಸ್ಸು. ಇಟ್ಟು ಒಂದು ಕಡೆ ನಿಂತಳು.

"ನೋಡಪಾ," ಅಂದರು ಭರಮಪ್ಪ. "ಏನರ ಕೇಳೂದಿದ್ರ ಕೇಳು."

ಲಗಮಣ್ಣ ಎದ್ದ.

"ಸ್ವಲ್ಪ ಬಾಗಲ ಕಡೆ ಬರ್ರಿ. ಇಲ್ಲಿ ಬೆಳಕಿಲ್ಲ."

ಯಮನವ್ವ ಬಂದಳು.

"ಸುತ್ತ ತಿರಗ್ರಿ."

ಅವಳು ಅಪ್ಪನ ಮುಖ ನೋಡಿದಳು, ಲಗಮಣ್ಣನ ಮುಖ ನೋಡಿದಳು. ತಿರುಗಿದಳು. ಸಾತವ್ವ ಮಗನ ಅಂಗಿ ಜಗ್ಗಿದಳು. "ಲಗಮ್ಯಾ," ಅಂದಳು ಮೆತ್ತಗೆ. ಅವನು ಆಗಲೇ ಭರಮಪ್ಪನ ಕಡೆಗೆ ತಿರುಗಿದ್ದ.

"ನೋಡ್ರಿ, ಮಾಲಕರು ನೀವು, ಮುಚ್ಚಿಡಬಾರದು. ಎಡಗಾಲು ಒಂದ ಬೆರಳಷ್ಟು ಗಿಡ್ಡ ಐತಿ, ನಡಿಯೂವಾಗ ಎಳೀತಾಳ. ಕೈಮ್ಯಾಲ ಸುಟ್ಟ ಕಲಿ ಐತಿ. ಮುಂದಿನ ಹಲ್ಲು ಒಂದು ಸರದೈತಿ. ಇಷ್ಟ. ಉಳದದ್ದೆಲ್ಲಾ ಗಟ್ಟಿ. ಒಳಗ ಎಲ್ಲೂ ಹರಿದಿಲ್ಲ."

ಭರಮಪ್ಪ ಕೂತಲ್ಲಿಂದ ಎದ್ದರು.

"ಹೊರಗ ನಡೀರಿ!" ಅಂದರು ಭರಮಪ್ಪ. ಮೂವತ್ತು ವರ್ಷ ಬಸ್ಸಿನಲ್ಲಿ ಕೂಗಿದ ಗಂಟಲು ಅದು. ಊರಿಗೆಲ್ಲ ಕೇಳಿಸಿತು.

ಸಾತವ್ವ ಕೈ ಮುಗಿದಳು. "ತಪ್ಪಾತ್ರಿ ಅಣ್ಣಾರ. ಹೋಗತೀವಿ. ಆದ್ರ ಒಂದ ಮಾತು. ಆ ಚೀಲ ಹಿಂಗ ಬಿಟ್ರ ಈ ಮಳಿಗಾಲ ದಾಟೂದಿಲ್ಲ. ನನಗ ಕೊಡ್ರಿ. ನೆಟ್ಟಗ ಮಾಡಿ ಕಳಸತೀನಿ. ನನ್ನ ಮಗನ ತಪ್ಪಿಗೆ ನನ್ನ ಕೈಲೆ ಆಗೂದು ಅಷ್ಟ."

ಯಮನವ್ವ ಗೋಡೆಯ ತನಕ ಕಾಲೆಳೆಯುತ್ತ ನಡೆದು ಹೋದಳು, ಮೊಳೆಯಿಂದ ಚೀಲ ತೆಗೆದಳು, ತಂದು ಸಾತವ್ವನ ಕೈಯಲ್ಲಿ ಇಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಾತವ್ವ ಅದನ್ನು ಗಮನಿಸಿದಳು.

ಬಸ್ಸಿನಲ್ಲಿ ಮಗನಿಗೆ ಅಂದಳು.

"ಹೆಣ್ಣಿನ ಕುಂದು ಹಿಂಗ ಎಣಿಸಿ ಹೇಳ್ತಾರೇನೋ ಮೂಳಾ!"

"ಬಿಚ್ಚಿ ಹೇಳಂದಿದ್ದಿಬೇ."

"ಇನ್ನ ಮುಂದ ಕುಂದು ಕಂಡ್ರ 'ಹಳೇದಾದಷ್ಟು ಕಿಮ್ಮತ್ತು' ಅನ್ನು. ಮತ್ತೇನೂ ಅನಬ್ಯಾಡ. ತಿಳೀತೇನು?"

"ತಿಳೀತಬೇ. ಹಳೇದಾದಷ್ಟು ಕಿಮ್ಮತ್ತು."

ಆ ಚೀಲಕ್ಕೆ ಸಾತವ್ವ ಹನ್ನೆರಡು ದಿನ ಕೊಟ್ಟಳು. ಅಂಗಡಿಗೆ ಬೇರೆ ಕೆಲಸವೂ ಇರಲಿಲ್ಲ. ಅಂಗಳದಲ್ಲಿ ಕೂತು ಮೆತ್ತನೆ ಬ್ರಶ್ಶಿನಿಂದ ಬೂಸು ಉದುರಿಸಿದಳು. ಹಿಂಡಿದ ಅರಿವೆಯಿಂದ ಒರೆಸಿ ನೆರಳಿನಲ್ಲಿ ಆರಿಸಿದಳು. ಹರಳೆಣ್ಣೆಗೆ ಜೇನುಮೇಣ ಕರಗಿಸಿ, ಒಂದು ಹನಿ ಹಚ್ಚಿ, ತೊಗಲು ಅದನ್ನು ಕುಡಿಯುವ ತನಕ ಕಾದು, ಇನ್ನೊಂದು ಹನಿ ಹಚ್ಚಿದಳು. ಹಳೇ ಹೊಲಿಗೆ ಬಿಚ್ಚಿ, ಹೊಸ ತೂತು ಒಂದೂ ಹಾಕದೆ, ಹಳೇ ತೂತಿನಲ್ಲೇ ಮೇಣದ ನೂಲು ದಾಟಿಸಿದಳು. ಬಾತ ಬೆರಳು ರಾತ್ರಿ ಹಗಲು ಉರಿಯುತ್ತಿತ್ತು. ಮುಚ್ಚಳದ ಅಂಚಿನಲ್ಲಿ ಒಂದು ಕಪ್ಪು ಗುರುತಿತ್ತು, ಹೆಬ್ಬೆರಳಿನಷ್ಟು. ಅದರ ಸುತ್ತ ಎಲ್ಲಾ ಮಾಡಿದಳು, ಅದನ್ನು ಮುಟ್ಟಲಿಲ್ಲ.

"ಅದನ್ನ್ಯಾಕ ಬಿಟ್ಟಿಬೇ?"

"ಅದು ಕೊಳಿ ಅಲ್ಲೋ. ಅದು ಅವರ ಮೂವತ್ತ ವರ್ಷದ ಹೆಬ್ಬಟ್ಟು."

ಹದಿಮೂರನೇ ದಿನ ಚೀಲವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಮಗನ ಕೈಗೆ ಕೊಟ್ಟಳು. ತಾನು ಹೋಗಲಿಕ್ಕೆ ಮುಖವಿರಲಿಲ್ಲ.

"ಕರಿಹಳ್ಳಕ್ಕ ಹೋಗು. ಆ ಹಿರಿಯಾರ ಕೈಯಾಗ ಕೊಡು. ಬಾಯಿ ತೆಗೀಬ್ಯಾಡ. ತೆಗದ್ರ ಏನನ್ನಬೇಕು?"

"ಹಳೇದಾದಷ್ಟು ಕಿಮ್ಮತ್ತು."

ಕರಿಹಳ್ಳದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ ಹುರಿದ ಶೇಂಗಾ ಮಾರುತ್ತಿದ್ದ. ಲಗಮಣ್ಣ ಇಳಿದವನು ಒಂದು ಕಾಳು ಬಾಯಿಗೆ ಹಾಕಿಕೊಂಡ. ಕಮಟು ವಾಸನೆ.

"ಹಳೇದಾದಷ್ಟು ಕಿಮ್ಮತ್ತು," ಅಂದ ಲಗಮಣ್ಣ.

ಮುದುಕ ಅವನ ಮುಖವನ್ನೇ ನೋಡಿದ. ನಲವತ್ತು ವರ್ಷದ ವ್ಯಾಪಾರದಲ್ಲಿ ಇಂಥ ಗಿರಾಕಿ ಬಂದಿರಲಿಲ್ಲ.

"ಬಾಳಪಾ, ನೂರ ವರ್ಷ ಬಾಳು! ಯಾರ ಮನಿಗೆ ಬಂದೀ?"

"ಹಿರಿಯಾರ ಕೈಯಾಗ ಇದನ್ನ ಕೊಡಬೇಕ್ರಿ. ನೀವು ಹಿರಿಯಾರೇನ್ರಿ?"

"ಈ ಊರಾಗ ನನಗಿಂತ ಹಿರಿಯಾ ಯಾರೂ ಉಳಿದಿಲ್ಲ!"

ಲಗಮಣ್ಣ ಕೊಟ್ಟ. ಅದೇ ಬಸ್ಸು ತಿರುಗಿಸಿ ನಿಲ್ಲಿಸಿದ್ದರು. ಹತ್ತಿ ಕೂತ. ಊಟದ ಹೊತ್ತಿಗೆ ಮನೆಯಲ್ಲಿದ್ದ.

"ಕೊಟ್ಟೇನೋ?"

"ಕೊಟ್ಟನಿಬೇ."

"ಏನಂದ್ರು?"

"ಭಾಳ ಖುಷಿ ಆದ್ರು. ನೂರ ವರ್ಷ ಬಾಳು ಅಂದ್ರು. ಒಂದ ಬೊಗಸಿ ಶೇಂಗಾ ಕೊಟ್ರು."

ಸಾತವ್ವನ ಮುಖ ಅರಳಿತು. "ಹುಡಗಿ ಇದ್ಲೇನು?"

"ಸ್ಟ್ಯಾಂಡಿನಾಗ ಹುಡಗಿ ಎಲ್ಲೀದುಬೇ?"

ಸಾತವ್ವ ಒಂದೊಂದೇ ಕೇಳಿದಳು, ಅವನು ಒಂದೊಂದೇ ಹೇಳಿದ. ಹೇಳಿ ಮುಗಿಯುವ ಹೊತ್ತಿಗೆ ಅವಳು ಗೋಡೆಗೆ ಒರಗಿ ಕೂತಿದ್ದಳು. ಹನ್ನೆರಡು ದಿನದ ಬೆರಳ ನೋವೆಲ್ಲ ಒಮ್ಮೆಗೇ ಬಂದು ಎದೆಯಲ್ಲಿ ನಿಂತಿತು.

"ಅದು ಅವರ ಇಡೀ ಆಯುಷ್ಯ ಆಗಿತ್ತೋ ಲಗಮ್ಯಾ."

ಅವ್ವ ಅಳೋದನ್ನು ಲಗಮಣ್ಣ ನೋಡಿರಲಿಲ್ಲ. ಅವಳ ಮುಂದೆ ಕೂತ. "ಹೆಂಗ ಮಾಡಬೇಕಿತ್ತಬೇ? ಹೇಳು. ಹಂಗ ಮಾಡ್ತೀನಿ."

ಸಾತವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ರಟ್ಟಿನ ಡಬ್ಬಿ ಕತ್ತರಿಸಿ ಚೀಟಿ ಮಾಡಿದಳು, ಇಪ್ಪತ್ತು ಮೂವತ್ತು.

"ಇವನ್ನ ಕಿಸೆಯಾಗ ಇಟಗೋ. ಯಾರರ ತಮ್ಮ ವಸ್ತು ನಿನ್ನ ಕೈಗೆ ಕೊಟ್ರು ಅಂದ್ರ ಒಂದ ಚೀಟಿ ತಗಿ, ನಡುವ ಹರಿ. ಅರ್ಧ ವಸ್ತುವಿಗೆ ಕಟ್ಟು, ಅರ್ಧ ಅವರ ಕೈಗೆ ಕೊಡು. 'ಬರೋ ಶುಕ್ರವಾರ ಬಂದು ಒಯ್ಯಿರಿ' ಅನ್ನು. ಎರಡೂ ಅರ್ಧ ಕೂಡಿದ್ರ ಕೊಡು. ಚೀಟಿ ಇಲ್ಲದ ದೇವರ ಬಂದ್ರೂ ಕೊಡಬ್ಯಾಡ, ತೋರಸಲೂ ಬ್ಯಾಡ! ತಿಳೀತೇನು?"

"ತಿಳೀತಬೇ. ಅರ್ಧ ಕಟ್ಟೂದು, ಅರ್ಧ ಕೊಡೂದು, ಶುಕ್ರವಾರ."

ಮರುದಿನ ಸಾತವ್ವ ಮುಖ ಗಟ್ಟಿ ಮಾಡಿಕೊಂಡು ಕರಿಹಳ್ಳಕ್ಕೆ ಹೊರಟು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ಭರಮಪ್ಪ ನಿಂತಿದ್ದರು. ಹಿಂದೆ ಯಮನವ್ವ. ಭರಮಪ್ಪನ ಹೆಗಲಿಗೆ ಚೀಲ.

"ನನ್ನ ಚೀಲ ಶೇಂಗಾ ಮಾರಾಕತ್ತಿತ್ತು," ಅಂದರು ಭರಮಪ್ಪ.

ಸಾತವ್ವ ಕೈ ಮುಗಿದಳು.

"ಮುಂಜಾನೆ ಸ್ಟ್ಯಾಂಡಿಗೆ ಹೋದೆ. ಶೇಂಗಾ ಮುದುಕನ ಹೆಗಲಿಗೆ ಎಂಥಾ ಚೀಲ ಅಂತೀರಿ! ಹೊಳಿಯೂದು ನೋಡಿ ಯಾವ ಸಾಹೇಬರದೋ ಅಂದ್ಕೊಂಡೆ. ಹತ್ತಿರ ಹೋದ್ರ ಮುಚ್ಚಳದ ಮ್ಯಾಲ ನನ್ನ ಹೆಬ್ಬಟ್ಟು." ಅಷ್ಟು ಹೇಳಿ ಅವರು ಆ ಕಪ್ಪು ಗುರುತಿನ ಮೇಲೆ ಹೆಬ್ಬೆರಳು ಇಟ್ಟರು. ಸರಿಯಾಗಿ ಕೂತಿತು. "ಇದನ್ನ ಒರಸಿ ಹಾಕದ ಬಿಟ್ರಲ್ಲ ತಂಗಿ, ಅದನ್ನ ಹೇಳಿ ಹೋಗಬೇಕಂತ ಬಂದೆ."

ಮುದುಕ ಚೀಲ ಸುಲಭಕ್ಕೆ ಬಿಟ್ಟುಕೊಟ್ಟಿರಲಿಲ್ಲ. ಅದು ತನಗೆ ಒಬ್ಬ ಜ್ಞಾನಿ ಕೊಟ್ಟದ್ದು ಅಂತ ವಾದಿಸಿದನಂತೆ.

ಯಮನವ್ವ ಅಂಗಡಿ ನೋಡುತ್ತಿದ್ದಳು. ಸೂಜಿ, ಮೇಣ, ಅರ್ಧ ಹೊಲಿದ ಪಟ್ಟಿ. ಒಂದು ಸೂಜಿ ಕೈಗೆತ್ತಿಕೊಂಡು ಕೇಳಿದಳು, "ಅತ್ತಿ, ನನಗಿದನ್ನ ಕಲಸ್ತೀರೇನು?"

"ಅತ್ತಿ ಅಂದ್ಯಾ ತಾಯಿ?"

"ಹನ್ನೊಂದ ಮಂದಿ ಬಂದು ನನ್ನ ನೋಡಿ ಹೋದ್ರು. ಎಲ್ಲಾರೂ ಕಾಲು ನೋಡಿದ್ರು, ಎಲ್ಲಾರೂ 'ಊರಿಗೆ ಹೋಗಿ ತಿಳಸ್ತೀವಿ' ಅಂದ್ರು. ಇವರೊಬ್ಬರ ನನ್ನ ಮುಂದ ನಿಂತು ಇದ್ದದ್ದ ಇದ್ದಂಗ ಅಂದ್ರು. ಮತ್ತ ಒಳಗ ಎಲ್ಲೂ ಹರಿದಿಲ್ಲ ಅಂದ್ರು. ಅದನ್ನ ಮುಂಚೆ ಯಾರೂ ಅಂದಿರಲಿಲ್ಲ."

ಲಗ್ನ ಗೊತ್ತಾಯಿತು. ಕರಿಹಳ್ಳದಲ್ಲಿ, ಭರಮಪ್ಪನ ಮನೆಯ ಮುಂದೆ ಹಂದರ ಹಾಕಿದರು. ಸಾತವ್ವ ಮೂರು ದಿನ ಮಗನಿಗೆ ಒಂದು ಮಾತೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೋ ಅಂತ ಭಯ. ವಕೀಲರ ತಾಯಿಯೂ ಬಂದಿದ್ದರು, ನಡೆದುಕೊಂಡು. ತಾಳಿ ಕಟ್ಟಿದ. ಅಕ್ಕಿಕಾಳು ಬಿತ್ತು. ಲಗಮಣ್ಣ ಒಂದು ತಪ್ಪೂ ಮಾಡಲಿಲ್ಲ. ಸಾತವ್ವ ಉಸಿರು ಬಿಟ್ಟಳು.

ಆಗ ಭರಮಪ್ಪ ಎದ್ದು ಬಂದರು. ಮಗಳ ಕೈ ಹಿಡಿದು ಲಗಮಣ್ಣನ ಕೈಯಲ್ಲಿ ಇಟ್ಟರು.

"ಅಳಿಯಂದ್ರ, ನನಗ ಇರೂದು ಇದೊಂದ. ನಿಮ್ಮ ಕೈಗೆ ಕೊಟ್ಟೀನಿ."

ಲಗಮಣ್ಣ ತಲೆಯಾಡಿಸಿದ. ಕಿಸೆಯಿಂದ ಚೀಟಿ ತೆಗೆದ. ನಡುವೆ ಹರಿದ. ಅರ್ಧವನ್ನು ಯಮನವ್ವನ ಕೈಗೆ, ಕಂಕಣದ ಪಕ್ಕಕ್ಕೆ, ಎರಡು ಗಂಟು ಹಾಕಿ ಕಟ್ಟಿದ. ಅರ್ಧವನ್ನು ಮಾವನ ಕೈಗೆ ಕೊಟ್ಟ.

"ಬರೋ ಶುಕ್ರವಾರ ಬಂದು ಒಯ್ಯಿರಿ. ಚೀಟಿ ಕಳೀಬ್ಯಾಡ್ರಿ."

ವಾಲಗದವನು ಊದುವುದು ಬಿಟ್ಟ. ಸಾತವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮೂವತ್ತು ವರ್ಷ ಮಂದಿಗೆ ಟಿಕೀಟು ಹರಿದು ಕೊಟ್ಟ ಭರಮಪ್ಪ ಆ ಅರ್ಧ ರಟ್ಟಿನ ಚೂರನ್ನು ತಿರುಗಿಸಿ ನೋಡಿದರು. ಮಡಚದೆ, ಎದೆಯ ಜೇಬಿನಲ್ಲಿ ಇಟ್ಟುಕೊಂಡರು.

ಶುಕ್ರವಾರ ಬಂತು. ಸಾತವ್ವ ಸಂತೆಗೆ ಹೋಗಿದ್ದಳು. ಒಳಗೆ ಯಮನವ್ವ ಮೇಣದ ನೂಲು ಹಿಡಿದು ಒಂದು ಚೀಲದ ಹಿಡಿಕೆ ಹೊಲಿಯುತ್ತಿದ್ದಳು. ಕೈಗೆ ಚೀಟಿ ಇನ್ನೂ ಕಟ್ಟಿಯೇ ಇತ್ತು. ಬಿಚ್ಚಬೇಡ ಅಂತ ಗಂಡ ಅಂದಿದ್ದ, ಅವಳು ಬಿಚ್ಚಿರಲಿಲ್ಲ. ಹತ್ತು ಗಂಟೆಯ ಬಸ್ಸಿಗೆ ಭರಮಪ್ಪ ಬಂದರು. ಕೈಯಲ್ಲಿ ಒಂದು ಡಬ್ಬಿ ಶೇಂಗಾ ಉಂಡಿ. ಮಗಳಿಲ್ಲದ ಮನೆಯಲ್ಲಿ ಐದು ದಿನ ಕಳೆದದ್ದು ಮುಖದ ಮೇಲೇ ಬರೆದಿತ್ತು.

ಲಗಮಣ್ಣ ಬಾಗಿಲಿಗೆ ಅಡ್ಡ ನಿಂತ.

"ಚೀಟಿ ತಂದೀರೇನ್ರಿ ಮಾವಾರ?"

ಭರಮಪ್ಪ ಎದೆ ಜೇಬು ಮುಟ್ಟಿಕೊಂಡರು. ಬೇರೆ ಅಂಗಿ ಹಾಕಿಕೊಂಡು ಬಂದಿದ್ದರು.

"ಮನಿಯಾಗ ಉಳೀತಪಾ. ಇರಲಿ, ಮಗಳನ್ನ ಕರಿ."

"ಚೀಟಿ ಇಲ್ದ ತೋರಸೂದಿಲ್ರಿ."

"ಆಕಿ ನನ್ನ ಮಗಳೋ!"

"ಎಲ್ಲಾರೂ ಹಂಗ ಅಂತಾರ್ರಿ."

ಭರಮಪ್ಪ ಬಾಯಿ ತೆರೆದರು. ಆದರೆ ಯಾವ ಬಾಯಿಂದ ವಾದ ಮಾಡಬೇಕು? ಟಿಕೀಟು ಇಲ್ಲದ ಸ್ವಂತ ಮೈದುನನನ್ನು ನಡುದಾರಿಯಲ್ಲಿ, ಮಟಮಟ ಮಧ್ಯಾಹ್ನ, ಬಸ್ಸಿನಿಂದ ಇಳಿಸಿದ ಮನುಷ್ಯ ಅವರು. "ಮನ್ಯಾಗ ಉಳೀತ್ರಿ" ಅನ್ನುವ ಮಾತನ್ನು ಮೂವತ್ತು ವರ್ಷ ಕೇಳಿದ್ದರು, ಒಂದು ಸಲವೂ ಒಪ್ಪಿರಲಿಲ್ಲ.

"ನಿಯಮ ಅಂದ್ರ ನಿಯಮ," ಅಂದರು ಮೆತ್ತಗೆ.

ಒಳಗಿನಿಂದ ಯಮನವ್ವನ ದನಿ ಬಂತು. "ಅಪ್ಪಾ, ಹತ್ತೂವರಿಗೊಂದು ಬಸ್ ಐತಿ ನೋಡು. ಲಗೂನ ಹೋಗಿ ಬಾ. ಡಬ್ಬಿ ಅವರ ಕೈಗೆ ಕೊಟ್ಟ ಹೋಗು."

ಭರಮಪ್ಪ ಡಬ್ಬಿ ಕೊಟ್ಟರು. ಲಗಮಣ್ಣ ತಗೊಂಡ. ಒಂದು ಚೀಟಿ ಹರಿದ, ಅರ್ಧ ಡಬ್ಬಿಗೆ ಕಟ್ಟಿದ, ಅರ್ಧ ಮಾವನ ಕೈಗೆ ಕೊಟ್ಟ.

ಸಾತವ್ವ ಸಂತೆಯಿಂದ ಬಂದಳು.

"ಬೀಗರು ಬಂದಂಗ ಇತ್ತಲೋ? ಓಣ್ಯಾಗ ಅಂದ್ರು."

"ಬಂದಿದ್ರಬೇ."

"ಮತ್ತ ಎಲ್ಲದಾರ?"

"ಚೀಟಿ ತರಾಕ ಹೋಗ್ಯಾರ."

ಸಾತವ್ವ ಬಾಯಿ ತೆರೆದಳು. ಮಗ ಕೈ ಕಟ್ಟಿ ನಿಂತ, ಹೊಸ ಮಾತು ಕೇಳಲಿಕ್ಕೆ. ಸಾತವ್ವ ಅವನನ್ನೇ ನೋಡಿದಳು. ಬಾಯಿ ಮುಚ್ಚಿದಳು. ಒಳಗೆ ಹೋಗಿ ಬೀಗರ ಪಾಲಿನದೂ ಸೇರಿಸಿ ಅನ್ನಕ್ಕೆ ಇಟ್ಟಳು.

ಮಧ್ಯಾಹ್ನ ಎರಡರ ಬಸ್ಸಿಗೆ ಭರಮಪ್ಪ ಬಂದರು. ಬೆವರಿ ಹೋಗಿದ್ದರು. ಎರಡೂ ಚೀಟಿ ಮುಂದೆ ಹಿಡಿದರು. ಲಗಮಣ್ಣ ಹೆಂಡತಿಯನ್ನು ಬಾಗಿಲಿಗೆ ಕರೆದ, ಅವಳ ಕೈಯ ಅರ್ಧಕ್ಕೆ ಅಪ್ಪನ ಅರ್ಧ ಜೋಡಿಸಿದ. ಕೂಡಿತು. ಡಬ್ಬಿಯ ಅರ್ಧಕ್ಕೆ ಅರ್ಧ ಜೋಡಿಸಿದ. ಅದೂ ಕೂಡಿತು. ಡಬ್ಬಿ ಬಂದದ್ದು ಇವತ್ತು ಅಂತ ಬೆರಳು ಮಡಚಿ ದಿನ ಎಣಿಸಿದ.

"ಮಗಳನ್ನ ಒಯ್ಯಿರಿ ಮಾವಾರ," ಅಂದ. "ಉಂಡಿ ಬರೋ ಶುಕ್ರವಾರ."